ಒಂದು ದಿನದ ಜೆರ್ಸಿ

ನನ್ನ ಸಲೂನಿನಲ್ಲಿ ಪಕ್ಕದ ಮನೆಯ ಗೊರೆತಿಯ ತಲೆಗೆ ಅರ್ಧ ಬಣ್ಣ ಹಚ್ಚಿ ಮುಗಿಸಿದ್ದೆ. ಆಗ ಅವಳು ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಾ, ಗುರುವಾರ ಸಂಜೆ ತಮ್ಮ ಮನೆಗೆ ಕೆಲ್‌ಬ್ರೂಕ್ ಕಾಲೇಜಿನ ಕೋಚ್ ಊಟಕ್ಕೆ ಬರುತ್ತಿದ್ದಾರೆ ಎಂದಳು. ಅವಳ ಮಗಳು ದಾಲಿಯಾಳನ್ನು ಹೆಣ್ಣುಮಕ್ಕಳ ಫುಟ್‌ಬಾಲ್ ತಂಡಕ್ಕೆ ಕರೆದುಕೊಳ್ಳುವುದಕ್ಕೆ.

ನನ್ನ ಕೈ ಅಲ್ಲೇ ನಿಂತಿತು. ಕುಂಚದಿಂದ ಬಣ್ಣ ಅವಳ ಕಿವಿಯ ಮೇಲೆ ತೊಟ್ಟಿಕ್ಕಿತು.

"ಯಾವ ಕೋಚು? ಲುಂಡಾ?" ಎಂದೆ.

"ಅವರೇ, ಟ್ರಾವಿಸ್ ಲುಂಡ್. ಎಷ್ಟು ಮರ್ಯಾದಸ್ಥರು ಅಂತೀಯ. ಫೋನಲ್ಲಿ ನನ್ನನ್ನ ಮೇಡಂ ಅಂತಾರೆ."

ನನ್ನನ್ನೂ ಮೇಡಂ ಎಂದೇ ಕರೆದಿದ್ದ. ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ನನ್ನ ಅತ್ತೆ ಮಾಡಿದ ಕೇಲ್ ಸೊಪ್ಪಿನ ಸೂಪನ್ನು ಎರಡು ಬಟ್ಟಲು ಕುಡಿದು, ಲಿಂಗ್ವಿಸಾ ಸಾಸೇಜಿನ ಕೊನೆಯ ತುಂಡನ್ನೂ ಬಿಡದೆ ತಿಂದು, ಮೇಡಂ ಮೇಡಂ ಎನ್ನುತ್ತಲೇ ನನ್ನ ಮಗಳ ಎರಡು ವರ್ಷವನ್ನು ನುಂಗಿ ನೀರು ಕುಡಿದ ಮನುಷ್ಯ ಅವನು. ಈಗ ಅದೇ ಹೊಟ್ಟೆಯನ್ನು ಹೊತ್ತುಕೊಂಡು ಪಕ್ಕದ ಮನೆಗೇ ಬರುತ್ತಿದ್ದಾನೆ.

ನನ್ನ ಮಗಳು ಇನೆಸ್‌ಳ ಎಡಗಾಲಿನ ಬಗ್ಗೆ ನ್ಯೂ ಬೆಡ್‌ಫರ್ಡಿನ ನಮ್ಮ ದಕ್ಷಿಣ ಭಾಗದಲ್ಲಿ ಯಾರನ್ನು ಬೇಕಾದರೂ ಕೇಳಿ. ಅಮೆರಿಕಕ್ಕೆ ಬಂದು ನೆಲೆಸಿದ ನಮ್ಮ ಜನರ ಪೋರ್ಚುಗೀಸ್ ಕ್ಲಬ್ಬಿನ ಹಿಂದಿರುವ ಮೈದಾನದಲ್ಲಿ ಅವಳು ಗಂಡುಹುಡುಗರ ಜೊತೆ ಆಡಿಯೇ ಬೆಳೆದವಳು. ಹೈಸ್ಕೂಲಿಗೆ ಬಂದ ಮೇಲೆ ಶನಿವಾರ ಭಾನುವಾರ ಎಂದರೆ ನಮಗೆ ಊರೂರು ತಿರುಗುವ ಪಂದ್ಯಾವಳಿಗಳು. ಅಲ್ಲಿ ಮೈದಾನದ ಒಂದು ಪಕ್ಕದಲ್ಲಿ ಕಾಲೇಜುಗಳ ಕೋಚ್‌ಗಳು ತಮ್ಮ ತಮ್ಮ ಕಾಲೇಜಿನ ಬಣ್ಣದ ಜಾಕೆಟ್ ಹಾಕಿಕೊಂಡು, ಮಡಚುವ ಕುರ್ಚಿ ಹಾಕಿ ಕೂರುತ್ತಾರೆ. ತಾಯಿತಂದೆಯರು ಎದುರು ಪಕ್ಕದಲ್ಲಿ. ಕೋಚ್‌ಗಳ ಹತ್ತಿರ ಹೋಗುವಂತಿಲ್ಲ, ಮಾತಾಡಿಸುವಂತಿಲ್ಲ. ನಾವು ಆಟ ನೋಡುವುದನ್ನು ಬಿಟ್ಟು ಆ ಕುರ್ಚಿಗಳನ್ನೇ ನೋಡುತ್ತಿದ್ದೆವು. ಚೆಂಡು ಯಾರ ಮಗಳ ಕಾಲಿಗೆ ಬಂದಾಗ ಯಾವ ಜಾಕೆಟ್ಟಿನವನು ತಲೆಯೆತ್ತಿದ, ಯಾರ ಮಗಳು ಬಿದ್ದಾಗ ಯಾರು ಎದ್ದು ಕಾಫಿ ತರಲು ಹೋದ, ಇದೇ ನಮ್ಮ ಆಟ. ಮನೆಗೆ ಬರುವ ದಾರಿಯುದ್ದಕ್ಕೂ ಇದೇ ಮಾತು.

ಹಾಗೆ ತಲೆಯೆತ್ತಿದವರಲ್ಲಿ ಇಬ್ಬರು ಮನೆಯವರೆಗೆ ಬಂದರು. ಮೊದಲು ಬಂದವಳು ಒಡೆಟ್. ನಮ್ಮ ಮನೆಯಿಂದ ಒಂದು ಗಂಟೆ ದಾರಿಯ ಸರ್ಕಾರಿ ಕಾಲೇಜಿನ ಕೋಚ್. ಮಾಸಿದ ಜಾಕೆಟ್ಟು, ಕೆಸರು ಮೆತ್ತಿದ ಬೂಟು, ಅದನ್ನು ಬಾಗಿಲಲ್ಲೇ ಬಿಚ್ಚಿಟ್ಟು ಕಾಲುಚೀಲದಲ್ಲೇ ಒಳಗೆ ಬಂದಳು. ಮಾತೂ ಹಾಗೇ, ನೇರ. "ಕೊಡೋಕೆ ನನ್ನ ಹತ್ರ ದುಡ್ಡಿಲ್ಲ, ಆಟಕ್ಕೆ ಅಂತ ನಮ್ಮ ಕಾಲೇಜು ಯಾರಿಗೂ ಏನೂ ಕೊಡಲ್ಲ. ಆದ್ರೆ ಆಡೋಕೆ ಜಾಗ ಇದೆ. ಎಡಗಡೆ ಪೂರ್ತಿ ನಿಂದೇ," ಎಂದು ಇನೆಸ್‌ಗೆ ಹೇಳಿದಳು. ನಾವು ಅವಳಿಗೆ ಮಲಸಾಡಾ ಎಂಬ ಸಿಹಿ ಬೋಂಡಾ ಕರಿದು ಪೊಟ್ಟಣ ಕಟ್ಟಿ ಕೊಟ್ಟು, ನಯವಾಗಿ ಸಾಗಹಾಕಿದೆವು. ದುಡ್ಡಿಲ್ಲದ ಕಾಲೇಜಿಗೆ ಹೋಗಲು ಅಷ್ಟು ವರ್ಷ ಊರೂರು ತಿರುಗಬೇಕಿತ್ತೇ ಎಂದು ನನ್ನ ಗಂಡ ಡುವಾರ್ಟೆ ಕೇಳಿದ. ಅವನು ಮೀನುಗಾರಿಕೆ ದೋಣಿಯಲ್ಲಿ ಕೆಲಸ ಮಾಡುವವನು. ಮಗಳು ಆಡುವುದನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು.

ಆಮೇಲೆ ಬಂದವನು ಲುಂಡ್. ದೊಡ್ಡ ಕಾಲೇಜು, ಗುಡ್ಡದ ಮೇಲೆ ಗಡಿಯಾರದ ಗೋಪುರ, ಹುಲ್ಲಿನ ಮೈದಾನಕ್ಕೆ ರಾತ್ರಿಯೂ ಬೆಳಕು. ಇನೆಸ್‌ಳ ಎದುರು ಕುಳಿತು ಅವನು ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ. "ಈ ಎಡಗಾಲು ಕಲಿಸಿದ್ರೆ ಬರೋದಲ್ಲ. ದೇವರು ಕೊಟ್ಟಿದ್ದು. ಇದನ್ನ ಕೆಲ್‌ಬ್ರೂಕ್‌ಗೆ ಕೊಡಿ, ನಾನು ಕಾಪಾಡ್ತೀನಿ." ನನ್ನ ಅತ್ತೆ ಕಣ್ಣೊರೆಸಿಕೊಂಡರು. ದುಡ್ಡಿನ ವಿಷಯಕ್ಕೆ ಬಂದಾಗ, ಹೆಣ್ಣುಮಕ್ಕಳ ತಂಡಕ್ಕೆ ಕಾಲೇಜು ಕೊಡುವ ವಿದ್ಯಾರ್ಥಿವೇತನ ಸ್ವಲ್ಪವೇ, ಅದನ್ನು ಚೂರು ಚೂರು ಮಾಡಿ ಹಂಚಬೇಕು, ಮೊದಲ ವರ್ಷ ನಿಮ್ಮ ಪಾಲಿಗೆ ಒಂದು ಚೂರು, ಆಮೇಲೆ ಅದು ಬೆಳೆಯುತ್ತದೆ ಎಂದ. ಚೂರು ಎಷ್ಟು ಚಿಕ್ಕದೆಂದರೆ ಪುಸ್ತಕಕ್ಕೂ ಸಾಲದು. ಉಳಿದ ಶುಲ್ಕವೆಲ್ಲ ನಮ್ಮ ತಲೆಯ ಮೇಲೆ. ಆದರೂ ನಾವು ಬೀಗಿದೆವು. ಆ ಕಾಲೇಜಿನ ತಂಡ ಸೇರುತ್ತೇನೆಂದು ಶಾಲೆಯಲ್ಲಿ ಎಲ್ಲರೆದುರು ಸಹಿ ಹಾಕುವ ದಿನ ಮೇಜಿನ ಮೇಲೆ ನೀಲಿ ಬಿಳಿ ಕೇಕು, ಬಲೂನು, ಅವಳ ತಲೆಯ ಮೇಲೆ ಕೆಲ್‌ಬ್ರೂಕಿನ ಟೋಪಿ. ಕ್ಲಬ್ಬಿನ ಗೋಡೆಗೆ ಆ ಫೋಟೋ ಹಾಕಿಸಿದೆವು.

ಮೊದಲ ಪಂದ್ಯಕ್ಕೆ ನಾನೂ ಅತ್ತೆಯೂ ಮೂರೂವರೆ ಗಂಟೆ ಕಾರಿನಲ್ಲಿ ಹೋದೆವು. ಮೈದಾನದ ತುಂಬ ಹುಡುಗಿಯರು. ನನಗೆ ಆಗಲೇ ಅನುಮಾನ ಬರಬೇಕಿತ್ತು, ಹನ್ನೊಂದು ಜನ ಆಡುವ ಆಟಕ್ಕೆ ಮದುವೆ ದಿಬ್ಬಣದಷ್ಟು ಜನ ಯಾಕೆ ಎಂದು. ಇನೆಸ್ ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಮುಂದಿನವರ ಜೆರ್ಸಿಯ ಬೆನ್ನ ಮೇಲೆ ಹೆಸರು ಹೊಲಿದಿತ್ತು. ಹಿಂದಿನವರದ್ದು ಬರೀ ದೊಡ್ಡ ದೊಡ್ಡ ಅಂಕಿ, ಅದೂ ಟೇಪಿನಲ್ಲಿ ಅಂಟಿಸಿದ್ದು. ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದರು. ಅವಳಿಗೆ ಆಡಲು ಸಿಗಲಿಲ್ಲ, ಹೊಸಬಳು, ಇರಲಿ ಅಂದುಕೊಂಡೆವು. ಸೋಮವಾರ ಹಿಂದಿನ ಸಾಲಿನವರ ಜೆರ್ಸಿಗಳನ್ನೆಲ್ಲ ಒಗೆಯುವುದಕ್ಕೆ ಎಂದು ವಾಪಸ್ ತೆಗೆದುಕೊಂಡರು. ಒಗೆಯಲು ಹೋದದ್ದು ತಿರುಗಿ ಬರಲಿಲ್ಲ.

ಆ ವರ್ಷವೆಲ್ಲ ನನ್ನ ಮಗಳು ಬೇರೆ ಊರಿನ ಒಂದು ಪಂದ್ಯಕ್ಕೂ ಬಸ್ಸು ಹತ್ತಲಿಲ್ಲ. ಮುಂದಿನ ಸಾಲಿನವರು ಮೈದಾನದಲ್ಲಿ ಅಭ್ಯಾಸ ಮಾಡಿದರೆ ಇವರಿಗೆ ಬೆಳಗಿನ ಜಾವ ಜಿಮ್ಮಿನ ಒಂದು ಮೂಲೆ. ಕಲಿಸಲು ಲುಂಡ್ ಅಲ್ಲ, ಯಾರೋ ಒಬ್ಬ ಸಹಾಯಕ, ಅವನೂ ತೂಕಡಿಸುತ್ತಿದ್ದನಂತೆ. ಕಾಲೇಜಿನ ಮೈದಾನದಲ್ಲೇ ಪಂದ್ಯವಿದ್ದರೆ ಇವಳು ತನ್ನ ಸ್ವಂತ ಸ್ವೆಟರ್ ಹಾಕಿಕೊಂಡು ಜನರ ನಡುವೆ ಕುಳಿತು ಚಪ್ಪಾಳೆ ತಟ್ಟಬೇಕು. ಇನೆಸ್ ಏನು ತಿಳಿದುಕೊಂಡಳು ಗೊತ್ತೇ? ತಪ್ಪು ತನ್ನದೇ ಎಂದು. ತಾನು ಸಾಲುತ್ತಿಲ್ಲ ಎಂದು. ಬೇಸಿಗೆಯಲ್ಲಿ ಮನೆಗೆ ಬಂದವಳು ಸಮುದ್ರದ ದಂಡೆಯ ಮರಳಿನಲ್ಲಿ ದಿನಾ ಓಡಿದಳು. ಪಾದ ಬಾತುಕೊಂಡು ಬೂಟು ಹಿಡಿಸದೇ ಹೋಗುವಷ್ಟು ಓಡಿದಳು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಎರಡನೇ ವರ್ಷ ಮತ್ತೆ ಜೆರ್ಸಿ ಕೊಟ್ಟರು, ಮತ್ತೆ ಫೋಟೋ ತೆಗೆದರು, ಸೋಮವಾರ ಮತ್ತೆ ಒಗೆಯಲು ತೆಗೆದುಕೊಂಡರು. ಆಗ ತಂಡ ಬಿಟ್ಟು ಹೊರಟಿದ್ದ ಒಬ್ಬ ಹಿರಿಯ ಹುಡುಗಿ ಇವಳಿಗೆ ವಿಷಯ ಬಿಡಿಸಿ ಹೇಳಿದಳು. ಕಾಲೇಜಿನ ಆಟಗಳಲ್ಲಿ ಹೆಣ್ಣುಮಕ್ಕಳಿಗೂ ಅವರ ಸಂಖ್ಯೆಗೆ ತಕ್ಕಷ್ಟು ಅವಕಾಶ ಕೊಡಬೇಕು ಎಂದು ಕಾನೂನಿದೆ. ಕೆಲ್‌ಬ್ರೂಕಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಗಂಡಸರ ಆಟದ ತಂಡ ದೊಡ್ಡದು. ಅದಕ್ಕೆ ಕಟ್ಟಡ, ಅದಕ್ಕೆ ಬಾಣಸಿಗ, ಅದಕ್ಕೆ ಬೇರೆ ವಿಮಾನ. ಆ ಗಂಡುಹುಡುಗರ ಸಂಖ್ಯೆಗೆ ಹೆಣ್ಣುಮಕ್ಕಳ ಸಂಖ್ಯೆ ಸರಿದೂಗಬೇಕಲ್ಲ? ಇನ್ನೊಂದು ಹೆಣ್ಣುಮಕ್ಕಳ ತಂಡ ಕಟ್ಟಿದರೆ ಖರ್ಚು. ಅದರ ಬದಲು ಇರುವ ತಂಡಕ್ಕೇ ಇನ್ನಷ್ಟು ಹುಡುಗಿಯರನ್ನು ತುಂಬಿದರೆ ತಲೆಗೊಂದು ಜೆರ್ಸಿ, ಅದೂ ಒಂದು ದಿನಕ್ಕೆ. ಮೊದಲ ಪಂದ್ಯದ ದಿನ ತಂಡದಲ್ಲಿ ಯಾರಿದ್ದಾರೋ ಅವರನ್ನು ಎಣಿಸಿ ಬರೆದುಕೊಳ್ಳುತ್ತಾರೆ. ಮಂಗಳವಾರ ಅವರು ಇದ್ದರೆಷ್ಟು, ಬಿಟ್ಟರೆಷ್ಟು.

ಡುವಾರ್ಟೆ ಸಮುದ್ರದಿಂದ ಬಂದ ದಿನ ಇದನ್ನೆಲ್ಲ ಕೇಳಿಸಿಕೊಂಡ. ಆಮೇಲೆ, ಹಳೆಯ ಹಡಗುಗಳ ತಳದಲ್ಲಿ ಭಾರಕ್ಕೆ ಕಲ್ಲು ತುಂಬುತ್ತಿದ್ದರಂತೆ, ನನ್ನ ಮಗಳನ್ನ ಹಾಗೆ ತುಂಬಿಕೊಂಡರು ಎಂದ. ಮತ್ತೆ ತನ್ನ ಮಾತಿಗೆ ತಾನೇ ತಲೆಯಾಡಿಸಿ, ಆ ಕಲ್ಲುಗಳಾದರೂ ಶುಲ್ಕ ಕಟ್ಟುತ್ತಿರಲಿಲ್ಲ ಎಂದ.

ಕ್ರಿಸ್‌ಮಸ್ಸಿಗೆ ಬಂದ ಇನೆಸ್ ತಿರುಗಿ ಹೋಗಲಿಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಕೆಲಸಕ್ಕೆ ಸೇರಿದಳು. ಯಾರಿಗೂ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಳು, ಅವಳಿಗೆ ಅಷ್ಟು ಅವಮಾನ. ಕೇಳಿದವರಿಗೆ ಅಲ್ಲಿನ ಚಳಿ ಒಗ್ಗಲಿಲ್ಲ ಎಂದೆವು. ಅವಳ ಆಟದ ಬೂಟು ಅಂದಿನಿಂದ ನನ್ನ ಕಾರಿನ ಡಿಕ್ಕಿಯಲ್ಲೇ ಬಿದ್ದಿದೆ. ಒಡೆಟ್‌ಗೆ ಒಂದು ಫೋನ್ ಮಾಡೇ ಎಂದು ಎಷ್ಟು ಸಲ ಹೇಳಿದೆನೋ. ಯಾವ ಮುಖ ಇಟ್ಟುಕೊಂಡು ಮಾಡಲಿ ಎನ್ನುತ್ತಿದ್ದಳು.

ಈಗ ಗೊರೆತಿ ಅರ್ಧ ಬಣ್ಣದ ತಲೆಯಲ್ಲಿ ನನ್ನ ಕುರ್ಚಿಯಲ್ಲಿ ಕುಳಿತು ನಗುತ್ತಿದ್ದಾಳೆ. ಮಗಳಿಗೆ ಕೊಟ್ಟ ಮಾತು ಮುರಿದೆ. ಜೆರ್ಸಿ, ಟೇಪು, ಜಿಮ್ಮಿನ ಮೂಲೆ, ಎಲ್ಲವನ್ನೂ ಹೇಳಿದೆ. ದಾಲಿಯಾ ಗೋಲ್‌ಕೀಪರ್, ಒಡೆಟ್ ಅವಳನ್ನೂ ತನ್ನ ತಂಡಕ್ಕೆ ಕೇಳಿದ್ದಾಳೆಂದು ನನಗೆ ಗೊತ್ತಿತ್ತು. ತಂಡದಲ್ಲಿ ಒಬ್ಬ ಗೋಲ್‌ಕೀಪರಿಗೆ ಮಾತ್ರ ಜಾಗವಿಟ್ಟುಕೊಂಡು ಶುಕ್ರವಾರದವರೆಗೆ ಕಾಯುತ್ತೇನೆ ಎಂದಿದ್ದಳು. ಶುಕ್ರವಾರ ದಾಟಿದರೆ ಆ ಜಾಗ ಇನ್ನೊಬ್ಬಳಿಗೆ. ಅಲ್ಲಿಗೆ ಕಳಿಸು, ಈ ಲುಂಡನ ಬಾಯಿಗೆ ಹುಡುಗಿಯನ್ನ ಹಾಕಬೇಡ ಎಂದೆ.

ಗೊರೆತಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆತ್ತಗೆ, ಮೆತ್ತಗಿದ್ದದ್ದಕ್ಕೇ ಹೆಚ್ಚು ಚುಚ್ಚುವಂತೆ, "ಇನೆಸ್‌ಗೆ ಆಗ್ಲಿಲ್ಲ ಅಂತ ಎಲ್ಲರಿಗೂ ಆಗಲ್ಲ ಅಂತೇನಿಲ್ಲ ಅಲ್ವಾ ಜುಲ್ಮೀರಾ. ಎಲ್ಲಾ ಮಕ್ಕಳೂ ಒಂದೇ ಥರ ಇರಲ್ಲ," ಎಂದಳು.

ನನಗೆ ಹೊಟ್ಟೆಕಿಚ್ಚು ಎಂದುಕೊಂಡಳು. ಆ ಅರ್ಧ ತಲೆಯಲ್ಲೇ ಬೀದಿಗೆ ಅಟ್ಟಬೇಕು ಎನಿಸಿತು. ಅಟ್ಟಲಿಲ್ಲ. ನನ್ನ ಅಂಗಡಿಯ ಮರ್ಯಾದೆ ನನಗಿದೆ. ಉಳಿದರ್ಧಕ್ಕೂ ಬಣ್ಣ ಹಚ್ಚಿ, ತೊಳೆದು, ಒಣಗಿಸಿ ಕಳಿಸಿದೆ. ತೊಳೆಯುವಾಗ ನೀರು ಸ್ವಲ್ಪ ತಣ್ಣಗಿತ್ತು, ಅಷ್ಟೇ.

ಮರುದಿನ ದಾಲಿಯಾಳೇ ಬಂದಳು. ಉದ್ದನೆಯ ಹುಡುಗಿ, ಬಾಗಿಲಲ್ಲಿ ಬಗ್ಗಿ ಬರಬೇಕು, ಕೈಗಳಂತೂ ರೊಟ್ಟಿ ಒಲೆಗೆ ಹಾಕುವ ಮರದ ಹಲಗೆಯಷ್ಟು ಅಗಲ. ಇನೆಸ್ ಆಗಷ್ಟೇ ಕೆಲಸದಿಂದ ಬಂದು ಅಂಗಡಿಯ ನೆಲ ಗುಡಿಸುತ್ತಿದ್ದಳು.

"ತಿಯಾ, ಅಮ್ಮ ಎಲ್ಲಾ ಹೇಳಿದ್ರು," ಎಂದಳು ನನಗೆ. ನಮ್ಮ ಕಡೆ ಮಕ್ಕಳು ಅಕ್ಕಪಕ್ಕದ ಹೆಂಗಸರನ್ನೆಲ್ಲ ತಿಯಾ ಎಂದೇ ಕರೆಯುವುದು, ಚಿಕ್ಕಮ್ಮ ಎಂದಂತೆ. ಆಮೇಲೆ ಇನೆಸ್ ಕಡೆ ತಿರುಗಿದಳು. "ಬೇಜಾರು ಮಾಡ್ಕೋಬೇಡ. ನೀನು ಬಿಟ್ಟು ಬಂದೆ. ನಾನು ಬಿಡಲ್ಲ. ಹಿಂದಿನ ಸಾಲಲ್ಲಿ ನಿಲ್ಸಿದ್ರೆ ಮುಂದಕ್ಕೆ ಬರ್ತೀನಿ."

ಎಂಥ ಮಾತು. ನಾನು ಬಾಯಿ ತೆರೆಯುವಷ್ಟರಲ್ಲಿ ಇನೆಸ್ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಗುರುವಾರ ಊಟಕ್ಕೆ ನಾನೂ ಬರ್ಲಾ?" ಎಂದಳು.

ದಾಲಿಯಾ ಭುಜ ಕುಣಿಸಿದಳು. "ಬಾ. ಕೋಚ್‌ಗೂ ಖುಷಿ ಆಗುತ್ತೆ. ನಿನ್ನನ್ನ ಕೇಳಿದ್ರೂ ಕೇಳಬಹುದು."

ಅಂದಿನಿಂದ ಗುರುವಾರದವರೆಗೆ ನನ್ನ ಮಗಳು ಸ್ನಾನದ ಮನೆಯಲ್ಲಿ ಒಬ್ಬಳೇ ಮಾತಾಡಿಕೊಳ್ಳುವುದು ಕೇಳುತ್ತಿತ್ತು. ನಲ್ಲಿಯ ಸದ್ದಿನ ನಡುವೆ ಕೋಚ್ ಎನ್ನುವ ಮಾತು ಮತ್ತೆ ಮತ್ತೆ. ಎರಡು ವರ್ಷ ನುಂಗಿಕೊಂಡದ್ದನ್ನೆಲ್ಲ ಸಾಲಾಗಿ ಜೋಡಿಸಿಕೊಳ್ಳುತ್ತಿದ್ದಳು. ಅವನ ಮುಖ ಬಿಳಿಚಿಕೊಳ್ಳುವುದನ್ನು, ಆ ದೊಡ್ಡ ಮನುಷ್ಯ ನನ್ನ ಮಗಳ ಕಣ್ಣು ತಪ್ಪಿಸಿ ಬಟ್ಟಲೊಳಗೆ ನೋಡುವುದನ್ನು ನಾನೂ ಮನಸ್ಸಿನಲ್ಲೇ ನೋಡಿ ನೋಡಿ ತಣಿದೆ. ಎಷ್ಟು ಮಾತಾಡುತ್ತೀಯೋ ಆಡು, ಉಳಿದದ್ದು ನಾನು ಆಡುತ್ತೇನೆ ಎಂದೆ.

ಗುರುವಾರ ಗೊರೆತಿಯ ಮನೆಯಲ್ಲಿ ಹಬ್ಬದ ಮೇಜುಬಟ್ಟೆ ಹಾಸಿತ್ತು. ಅವಳ ಗಂಡ ಓರಾಸಿಯೊ ಬೇಕರಿಯವನು, ಮಾತು ಕಡಿಮೆ. ತನ್ನ ಕೈಯಾರೆ ಮಾಡಿದ ಸಿಹಿ ರೊಟ್ಟಿಯನ್ನು ನಡುವೆ ಇಟ್ಟಿದ್ದ. ನಾವಿಬ್ಬರೂ ಬಂದದ್ದು ಗೊರೆತಿಗೆ ಅಷ್ಟೇನೂ ಹಿಡಿಸಲಿಲ್ಲ. ಆದರೂ ತಟ್ಟೆ ಹಾಕಿದಳು.

ಲುಂಡ್ ಬಂದ. ಅದೇ ನೀಲಿ ಜಾಕೆಟ್ಟು, ಅದೇ ನಗು. ಕೈಯಲ್ಲಿ ಅದೇ ಟೋಪಿ, ದಾಲಿಯಾಳಿಗೆ. ಓರಾಸಿಯೊನ ಕೈ ಕುಲುಕಿದ, ಗೊರೆತಿಯನ್ನು ಮೇಡಂ ಎಂದ. ನನಗೂ ಕೈ ಕೊಟ್ಟು ಮೇಡಂ ಎಂದ. ನಾನು ಅವನ ಕಣ್ಣನ್ನೇ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಸರಿ, ನಾನು ತಾಯಿ, ತಾಯಂದಿರು ಅವನಿಗೆ ಸಾವಿರ.

ಆಮೇಲೆ ಅವನು ಇನೆಸ್‌ಗೆ ಕೈ ನೀಡಿದ.

"ನಿಮ್ಮನ್ನ ನೋಡಿ ತುಂಬಾ ಸಂತೋಷ. ದಾಲಿಯಾಗೆ ಅಕ್ಕನಾ?"

ಇನೆಸ್‌ಳ ಕೈ ಅವನ ಕೈಯಲ್ಲಿತ್ತು. ಅವಳು ಅದನ್ನು ಎಳೆದುಕೊಳ್ಳಲೂ ಇಲ್ಲ, ಕುಲುಕಲೂ ಇಲ್ಲ.

"ಅಲ್ಲ. ಪಕ್ಕದ ಮನೆ," ಎಂದಳು.

"ಓ, ಒಳ್ಳೇದು. ನೀವೂ ಆಡ್ತೀರಾ?"

"ಆಡ್ತಿದ್ದೆ."

"ಹೌದಾ? ಯಾವ ಕಡೆ?"

"ಎಡಗಡೆ."

"ಎಡಗಾಲಿನವರು ಸಿಗೋದೇ ಕಷ್ಟ," ಎಂದ ಅವನು, ಕುರ್ಚಿ ಎಳೆದುಕೊಂಡು ಕುಳಿತ.

ಗೊರೆತಿಯ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆಯೇ ನಿಂತುಬಿಟ್ಟಿತ್ತು. ದಾಲಿಯಾ ಒಮ್ಮೆ ಇನೆಸ್‌ಳನ್ನು, ಒಮ್ಮೆ ಅವನನ್ನು ನೋಡಿದಳು. ಇನೆಸ್ ಜೊತೆ ನಾನೂ ಅವನ ಎದುರು ಕುಳಿತೆ. ಬಾಯಿ ತೆರೆದೆ. ಮೇಜಿನ ಕೆಳಗೆ ಇನೆಸ್ ನನ್ನ ಮೊಣಕಾಲನ್ನು ಗಟ್ಟಿಯಾಗಿ ಒತ್ತಿದಳು. ಅವಳ ಕೈ ತಣ್ಣಗಿತ್ತು. ತೆರೆದ ಬಾಯಿಗೆ ರೊಟ್ಟಿ ತುರುಕಿಕೊಂಡೆ.

ಲುಂಡ್ ಸೂಪು ಕುಡಿದ. ಚೆನ್ನಾಗಿದೆ ಎಂದ. ಗಡಿಯಾರದ ಗೋಪುರದ ಬಗ್ಗೆ, ರಾತ್ರಿ ಬೆಳಕಿನ ಬಗ್ಗೆ, ವಿದ್ಯಾರ್ಥಿವೇತನದ ಚೂರಿನ ಬಗ್ಗೆ, ಅದು ವರ್ಷ ವರ್ಷ ಬೆಳೆಯುವ ಬಗ್ಗೆ ಹೇಳಿದ. ಕೆಲ್‌ಬ್ರೂಕಿನಲ್ಲಿ ನಾವೆಲ್ಲ ಒಂದು ಕುಟುಂಬ ಎಂದ. ಯಾರೂ ಅವನಿಗೆ ಉತ್ತರ ಕೊಡುತ್ತಿಲ್ಲ ಎನ್ನುವುದೂ ಅವನಿಗೆ ತಿಳಿಯಲಿಲ್ಲ. ಕಂಠಪಾಠ ಒಪ್ಪಿಸುವವನಿಗೆ ಎದುರಿಗಿರುವವರ ಮುಖ ಯಾಕೆ ಬೇಕು. ಕೊನೆಗೆ ಚಮಚ ಕೆಳಗಿಟ್ಟು, ದಾಲಿಯಾ ಕಡೆ ವಾಲಿ, ದನಿ ತಗ್ಗಿಸಿದ.

"ದಾಲಿಯಾ, ಈ ಕೈಗಳು ಕಲಿಸಿದ್ರೆ ಬರೋದಲ್ಲ."

"ದೇವರು ಕೊಟ್ಟಿದ್ದು," ಎಂದಳು ಇನೆಸ್, ಮೆಲ್ಲಗೆ.

ಅವನ ಮುಖ ಅರಳಿತು. "ನೋಡಿ, ಇವರಿಗೂ ಗೊತ್ತು," ಎಂದ.

"ಇದನ್ನ ಕೆಲ್‌ಬ್ರೂಕ್‌ಗೆ ಕೊಡಿ," ಎಂದಳು ಇನೆಸ್, ಅದೇ ಮೆಲುದನಿಯಲ್ಲಿ. "ನಾನು ಕಾಪಾಡ್ತೀನಿ."

ಆಗ ಅವನ ನಗು ಇದ್ದಲ್ಲೇ ನಿಂತಿತು. ಅವಳನ್ನು ಮೊದಲ ಸಲ ಎಂಬಂತೆ ನೋಡಿದ. ಮೊದಲ ಸಲವೇ ಇರಬೇಕು. ಹುಡುಕುತ್ತಿದ್ದ, ನನಗೆ ಕಾಣುತ್ತಿತ್ತು. ಯಾವ ಊರು, ಯಾವ ವರ್ಷ, ಯಾವ ಅಡುಗೆಮನೆ. ಸಿಗಲಿಲ್ಲ.

ದಾಲಿಯಾ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಕೋಚ್, ಇವಳ ಹೆಸರೇನು?"

"ಅದೇ, ಈಗ ತಾನೇ ಹೇಳಿದ್ರಲ್ಲ..."

"ಇಲ್ಲ. ಯಾರೂ ಹೇಳಿಲ್ಲ. ಎರಡು ವರ್ಷ ನಿಮ್ಮ ತಂಡದಲ್ಲೇ ಇದ್ಲು."

ಅವನಿಗೆ ಬೆವರು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಸ್ವಲ್ಪ ಮುಜುಗರ, ಪರಿಚಯದವರ ಮಗುವಿನ ಹೆಸರು ಮರೆತಾಗ ಆಗುತ್ತದಲ್ಲ, ಅಷ್ಟೇ. ದೊಡ್ಡ ತಂಡ ನಮ್ಮದು, ಎಷ್ಟೊಂದು ಹುಡುಗಿಯರು ಬರುತ್ತಾರೆ ಹೋಗುತ್ತಾರೆ, ಆದರೆ ಪ್ರತಿಯೊಬ್ಬರೂ ನಮಗೆ ಮುಖ್ಯ ಎಂದ.

ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ಮುಖ್ಯನಾ?" ಎಂದೆ. "ನಾನು ಈ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ ಕೂದಲು ಕತ್ತರಿಸ್ತಿದ್ದೀನಿ. ಒಂದ್ಸಲ ಬಂದು ಹೋದವಳ ತಲೆಯಲ್ಲಿ ಸುಳಿ ಎಲ್ಲಿದೆ ಅಂತಾನೂ ನೆನಪಿರುತ್ತೆ ನನಗೆ. ನೀನು ನಮ್ಮನೇಲಿ ಉಂಡು, ನನ್ನ ಅತ್ತೇನ ಅಳಿಸಿ, ಈ ಹುಡುಗಿಗೆ ಎರಡು ವರ್ಷ ನೀನೇ ಸರಿಯಿಲ್ಲ ಅಂತ ನಂಬಿಸಿ, ಈಗ ಅಕ್ಕನಾ ಅಂತ ಕೇಳ್ತೀಯಲ್ಲ. ನಿನ್ನ ಗಂಡಸರ ತಂಡದ ಲೆಕ್ಕಕ್ಕೆ ತಲೆ ಬೇಕಿದ್ರೆ ಮೈದಾನದಲ್ಲಿ ಕುಂಬಳಕಾಯಿ ಸಾಲಾಗಿಟ್ಟು ಜೆರ್ಸಿ ತೊಡಿಸು. ನಮ್ಮ ಮಕ್ಕಳು ಯಾಕೆ ಬೇಕು ನಿನಗೆ?"

"ಮೇಡಂ, ದಯವಿಟ್ಟು," ಎಂದ ಅವನು, "ಇದು ನಾನು ಮಾಡಿದ ನಿಯಮ ಅಲ್ಲ. ನನಗೆ ಮೇಲಿನಿಂದ ಇಷ್ಟು ಜನ ಬೇಕು ಅಂತ ಹೇಳ್ತಾರೆ."

"ಮೇಲಿನವರು ನಮ್ಮನೆ ಸೂಪು ಕುಡೀಲಿಲ್ಲ. ನೀನು ಕುಡಿದೆ," ಎಂದೆ.

ದಾಲಿಯಾಳಿಗೆ ನನ್ನ ಕೂಗಾಟ ಬೇಕಿರಲಿಲ್ಲ. ಅವಳು ಅವನನ್ನೇ ನೋಡುತ್ತಿದ್ದಳು. ನಿಮ್ಮ ತಂಡದಲ್ಲಿ ಈಗ ಎಷ್ಟು ಗೋಲ್‌ಕೀಪರ್‌ಗಳಿದ್ದಾರೆ ಎಂದು ಕೇಳಿದಳು. ಅವನು, ಸ್ಪರ್ಧೆ ಇದ್ದರೆ ಎಲ್ಲರಿಗೂ ಒಳ್ಳೆಯದು ಎಂದು ಏನೋ ಶುರು ಮಾಡಿದ.

"ಐದು," ಎಂದಳು ಇನೆಸ್. "ನೀನು ಆರನೆಯವಳು. ಗೋಲಲ್ಲಿ ನಿಲ್ಲೋದು ಒಬ್ಬಳೇ."

ಓರಾಸಿಯೊ ಎದ್ದ. ಇಷ್ಟು ಹೊತ್ತೂ ಒಂದು ಮಾತೂ ಆಡಿರಲಿಲ್ಲ. ಗೂಟದಲ್ಲಿದ್ದ ಲುಂಡನ ಕೋಟನ್ನು ತಂದು, ತೋಳು ಹಾಕಿಕೊಳ್ಳಲು ಅನುಕೂಲವಾಗುವಂತೆ ಬಿಡಿಸಿ ಹಿಡಿದು ನಿಂತ. ದಾರಿ ದೂರ ಇದೆ ನಿಮಗೆ, ಎಂದ. ಲುಂಡ್ ಎದ್ದು ತೋಳು ತೂರಿಸಿದ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದ ಮನುಷ್ಯನಲ್ಲ ಓರಾಸಿಯೊ. ಉಳಿದ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿದ, ಅದರ ಮೇಲೆ ಆ ನೀಲಿ ಟೋಪಿಯನ್ನು ಇಟ್ಟ, ಎರಡನ್ನೂ ಅವನ ಕೈಗೆ ಕೊಟ್ಟು ಬಾಗಿಲು ಹಾಕಿದ.

ಗೊರೆತಿ ನನ್ನ ಕಡೆ ನೋಡಲಾರದೆ ಸೂಪಿನ ಪಾತ್ರೆಯನ್ನೇ ನೋಡುತ್ತಿದ್ದಳು. ನಾನು ಅವಳಿಗೆ ಹೇಳಬೇಕಾದದ್ದನ್ನೆಲ್ಲ ಲುಂಡ್ ಒಂದು ಕೈಕುಲುಕಿನಲ್ಲಿ ಹೇಳಿ ಮುಗಿಸಿದ್ದ.

ಇನೆಸ್ ಮಾತ್ರ ಕುಳಿತಲ್ಲೇ ಕುಳಿತಿದ್ದಳು. ತನ್ನ ಬಲಗೈಯನ್ನು ಮೇಜುಬಟ್ಟೆಗೆ ಒರೆಸುತ್ತಿದ್ದಳು.

"ಅವನಿಗೆ ನಾಚಿಕೆ ಆಗ್ಲಿ ಅಂತ ಬಂದೆ ಅಮ್ಮ," ಎಂದಳು. "ನಾಚಿಕೆ ಆಗೋಕೂ ಅವನಿಗೆ ನನ್ನ ಗುರುತು ಸಿಗಬೇಕಿತ್ತಲ್ಲ."

ಒರೆಸುತ್ತಿದ್ದ ಆ ಕೈಯನ್ನು ಹಿಡಿದು ನಿಲ್ಲಿಸಿದೆ.

ದಾಲಿಯಾ ಫೋನ್ ತೆಗೆದಳು. ಶುಕ್ರವಾರದವರೆಗೆ ಯಾಕೆ ಕಾಯಬೇಕು ಎಂದು ತಾಯಿಗೆ ಹೇಳಿ, ಅಲ್ಲೇ ಎಲ್ಲರಿಗೂ ಕೇಳುವಂತೆ ಒಡೆಟ್‌ಗೆ ಫೋನ್ ಮಾಡಿದಳು. ಬರುತ್ತೇನೆ ಎಂದಳು. ಆ ಕಡೆಯಿಂದ ಒಡೆಟ್, ಯೋಚನೆ ಮಾಡಿದ್ದೀಯಾ, ನನ್ನ ಹತ್ತಿರ ದುಡ್ಡಿಲ್ಲ ಎನ್ನುವುದು ನೆನಪಿದೆ ತಾನೆ ಎಂದು ಕೇಳಿದಳು. ನೆನಪಿದೆ ಎಂದಳು ದಾಲಿಯಾ. ಹಾಗೆಯೇ, ನನ್ನ ಜೊತೆ ಇನ್ನೊಬ್ಬಳಿದ್ದಾಳೆ, ಮಾತಾಡಿ ಎಂದು, ಇನೆಸ್ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದರೂ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದಳು.

ಇನೆಸ್ ಫೋನನ್ನೂ ದಾಲಿಯಾಳನ್ನೂ ಒಮ್ಮೆ ನೋಡಿದಳು. ಆಮೇಲೆ, "ಹಲೋ, ಕೋಚ್," ಎಂದಳು. ಅಷ್ಟೇ.

"ಇನೆಸ್?" ಎಂದಳು ಒಡೆಟ್. "ಇನೆಸ್ ಫುರ್ತಾದೊ ಅಲ್ವಾ? ಎಡಗಾಲು ಹೇಗಿದೆ ಮಗಳೇ? ನಿಮ್ಮಜ್ಜಿ ಚೆನ್ನಾಗಿದ್ದಾರಾ?"

ಲುಂಡನ ಎದುರು ಒಂದು ಹನಿಯೂ ಬಾರದ ಕಣ್ಣಲ್ಲಿ ಆಗ ನೀರು ಉಕ್ಕಿತು. ಇನೆಸ್ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಗೊರೆತಿ ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಫೋನಿನೊಳಗಿನಿಂದ ಒಡೆಟ್, ಅಳು, ಪರವಾಗಿಲ್ಲ, ನಾನಿದ್ದೀನಿ, ಫೋನ್ ಇಡಲ್ಲ ಎನ್ನುತ್ತಿದ್ದಳು.

ನನಗೂ ಅಳು ಬರಬೇಕಿತ್ತು. ಬರಲಿಲ್ಲ. ನನಗೆ ಬಂದದ್ದು ಸಿಟ್ಟೇ. ಒಂದೇ ಒಂದು ಸಂಜೆ ನಮ್ಮ ಮನೆಯಲ್ಲಿ ಕಾಲುಚೀಲದಲ್ಲಿ ಕುಳಿತು ಹೋದ ಹೆಂಗಸಿಗೆ ನನ್ನ ಮಗಳ ದನಿಯೇ ಸಾಕಾಯಿತು. ಅಂಥವಳು ಇಷ್ಟು ವರ್ಷವೂ ಒಂದು ಗಂಟೆಯ ದಾರಿಯಲ್ಲೇ ಇದ್ದಳು. ಕೊಡಲು ಅವಳ ಕೈಯಲ್ಲಿ ಬಿಡಿಗಾಸೂ ಇಲ್ಲ. ಕೊಡುವ ಕೈಯೆಲ್ಲ ಅವನಂಥವರ ಹತ್ತಿರವೇ ಇದೆ. ಈ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ ಹೊರಗೆ ಹೋದೆ, ಕಾರಿನ ಡಿಕ್ಕಿ ತೆಗೆದು ಬೂಟು ಎತ್ತಿಕೊಂಡೆ. ಕೆಲ್‌ಬ್ರೂಕಿನ ಮಣ್ಣು ಅಟ್ಟೆಗೆ ಇನ್ನೂ ಅಂಟಿಕೊಂಡಿತ್ತು. ಗೊರೆತಿಯ ಮೆಟ್ಟಿಲಿಗೆ ಬಡಿದು ಬಡಿದು, ಅದರ ಒಂದು ಹರಳೂ ಉಳಿಯದ ಹಾಗೆ ಉದುರಿಸಿ, ಒಳಗೆ ತಂದು ನನ್ನ ಮಗಳ ಕಾಲ ಬಳಿ ಇಟ್ಟೆ.